ನೆರಳು ತೆಳುವಾಗಿದ್ದರೆ ಅದು ದುರ್ಬೀನಕ್ಕನ ತಪ್ಪೇ?

ಬೆಳಕು ಹರಿಯುವ ಹೊತ್ತು. ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ರಾತ್ರಿಯಿಡೀ ಆಕಾಶ ನೋಡಿದವರೆಲ್ಲ ಮಲಗಲು ಹೋಗಿದ್ದಾರೆ. ಗುಮ್ಮಟದೊಳಗೆ ಏಣಿ ಹತ್ತಿದ ಹೆಂಗಸೊಬ್ಬರು ದೊಡ್ಡ ದೂರದರ್ಶಕದ ಕೊಳವೆಯ ಮೇಲಿನ ಇಬ್ಬನಿ ಒರೆಸುತ್ತಿದ್ದಾರೆ. ಮಸೂರಕ್ಕೆ ಮಾತ್ರ ಬಟ್ಟೆ ತಾಗಿಸುವುದಿಲ್ಲ. ರಬ್ಬರ್ ಬುರುಡೆ ಅದುಮಿ ಧೂಳು ಹಾರಿಸುತ್ತಾರೆ. "ಮಗು ಕಣ್ಣಿಗೆ ಕಸ ಬಿದ್ರೆ ಉಜ್ತೀವಾ? ಊದ್ತೀವಿ ತಾನೆ? ಇದೂ ಹಾಗೇ," ಎನ್ನುತ್ತಾರೆ.

ಶಾಲೆ ಮಕ್ಕಳಿಗೆ ಇವರು ದುರ್ಬೀನಕ್ಕ. ಇವರ ಅಪ್ಪನೂ ಇಲ್ಲೇ ಗುಮ್ಮಟ ತಿರುಗಿಸುವ ಕೆಲಸದಲ್ಲಿದ್ದವರು. ಗಂಡ ಬಡಗಿ, ಪುಟಾಣಿಗಳಿಗೂ ದುರ್ಬೀನು ನಿಲುಕಲೆಂದು ಮೆಟ್ಟಿಲ ಮಣೆ ಮಾಡಿಕೊಟ್ಟವರು. ಇಪ್ಪತ್ತು ವರ್ಷ ದುಡಿದರೂ ಸಂಸ್ಥೆಯ ಯಾವ ಫಲಕದಲ್ಲೂ ದುರ್ಬೀನಕ್ಕನ ಹೆಸರಿರಲಿಲ್ಲ. ಮೊದಲ ಸಲ ಬಂತು, ಕಳೆದ ವರ್ಷ. ಅದೂ ತಪ್ಪಿತಸ್ಥೆಯಾಗಿ!

ಆದದ್ದಿಷ್ಟು. ಅಂದು ಸಂಜೆ ಅರೆನೆರಳಿನ ಚಂದ್ರಗ್ರಹಣವಿತ್ತು. ಭೂಮಿಯ ಕಡುನೆರಳಿಗೆ ಸಿಗದೆ, ಅದರ ಸುತ್ತಲಿನ ತೆಳು ನೆರಳಲ್ಲಷ್ಟೇ ಚಂದ್ರ ಹಾದುಹೋಗುವ ಗ್ರಹಣವದು. ಒಂದು ಅಂಚು ತುಸು ಕಂದುತ್ತದೆ, ಅಷ್ಟೆ. ಟಿ.ವಿ.ಯವರು ಮಾತ್ರ ಹಿಂದಿನ ದಿನದಿಂದಲೇ ಚಂದ್ರನನ್ನು ಮಾಯ ಮಾಡತೊಡಗಿದ್ದರು. ಸಂಸ್ಥೆಯೂ ಹಿಂದೆ ಬೀಳಲಿಲ್ಲ. 'ಅಪೂರ್ವ ದೃಶ್ಯ' ಎಂದು ಬ್ಯಾನರ್ ಕಟ್ಟಿತು.

"ಸರ್, ಜನಕ್ಕೆ ಮೊದಲೇ ಹೇಳ್ಬಿಡೋಣ, ಸ್ವಲ್ಪ ಮಂಕಾಗುತ್ತೆ ಅಷ್ಟೇ ಅಂತ," ಎಂದು ದುರ್ಬೀನಕ್ಕ ಆಡಳಿತಾಧಿಕಾರಿಗೆ ಹೇಳಿದ್ದರಂತೆ.

"ಹಾಗಂದ್ರೆ ಯಾರ್ರೀ ಗುಡ್ಡ ಹತ್ತುತ್ತಾರೆ?" ಎಂದರಂತೆ ಅವರು.

ಜನ ಹತ್ತಿದರು. ಚಂದ್ರ ಎಂದಿನಂತೆ ಗುಂಡಗೆ, ಬೆಳ್ಳಗೆ ಕೂತಿದ್ದ. "ಎಲ್ರೀ ಗ್ರಹಣ?" ಎಂದು ಕೂಗಾಟ ಶುರುವಾಯಿತು. ಯಾರೋ ಎಸೆದ ನೀರಿನ ಬಾಟಲಿ ದುರ್ಬೀನಕ್ಕನ ಭುಜಕ್ಕೆ ಬಡಿಯಿತು. ಅಧಿಕಾರಿ ಆ ಹೊತ್ತಿಗೆ ಹಿಂಬಾಗಿಲಿನಿಂದ ಕಾರು ಹತ್ತಿಯಾಗಿತ್ತು.

ಮರುದಿನ ಸಂಸ್ಥೆ ದುರ್ಬೀನಕ್ಕನ ಹೆಸರು ಹಾಕಿ ಕೊಟ್ಟ ಪತ್ರಿಕಾ ಹೇಳಿಕೆ ಓದಿದರೆ ಈಗಲೂ ಮೈ ಉರಿಯುತ್ತದೆ: 'ಸಿಬ್ಬಂದಿ ಮಸೂರವನ್ನು ಸ್ವಚ್ಛಗೊಳಿಸದ ಕಾರಣ ಗ್ರಹಣ ಗೋಚರಿಸಲಿಲ್ಲ.' ಅದು ಸುಳ್ಳೆಂದು ಅಲ್ಲಿನ ಪ್ರತಿಯೊಬ್ಬ ವಿಜ್ಞಾನಿಗೂ ಗೊತ್ತಿತ್ತು. ದೊಡ್ಡ ದೊಡ್ಡ ಪದವಿಗಳಿದ್ದವು. ಒಂದು ಬಾಯಿ ಇರಲಿಲ್ಲ.

"ಒಂದು ಕ್ಷಮಾಪಣೆ ಬರ್ಕೊಡಿ, ಮುಗಿಸಿಬಿಡೋಣ," ಎಂದರು ಅಧಿಕಾರಿ.

"ಭೂಮಿ ನೆರಳಿಗೆ ನಾನ್ಯಾಕೆ ಸರ್ ಕ್ಷಮೆ ಕೇಳ್ಲಿ?" ಎಂದರು ದುರ್ಬೀನಕ್ಕ.

ಅದಕ್ಕೆ ಸಿಕ್ಕ ಬಹುಮಾನ, ವಾಹನ ನಿಲುಗಡೆಯಲ್ಲಿ ಚೀಟಿ ಹರಿಯುವ ಕೆಲಸ. "ಬಿಸಿಲಲ್ಲಿ ನಿಲ್ಲೋದು ಕಷ್ಟ ಆಗ್ಲಿಲ್ಲ. ಅಪ್ಪ ಊಟ ಬಿಟ್ಟು ಕೂತ್ರು ನೋಡಿ, ಅದನ್ನ ತಡ್ಕೊಳ್ಳೋಕಾಗ್ಲಿಲ್ಲ. ನನ್ ಮಗಳು ದುರ್ಬೀನು ಕೊಳಕಾಗಿಟ್ಲಂತಾ ಅಂತ ಒಂದೇ ಸಮ ಕೇಳೋರು."

ದುರ್ಬೀನಕ್ಕ ಸುಮ್ಮನಿರಲಿಲ್ಲ. ಹೊರಗಿನ ತಜ್ಞರಿಂದಲೇ ಮಸೂರ ಪರೀಕ್ಷೆಯಾಗಲಿ ಎಂದು ಪಟ್ಟು ಹಿಡಿದರು. ಕಾವಲುಗಾರರು, ಮಾಲಿಗಳು ಬೆನ್ನಿಗೆ ನಿಂತರು. ಕೊನೆಗೂ ತಜ್ಞರು ಬಂದರು, ನೋಡಿದರು, ಮಸೂರದಲ್ಲಿ ಏನೂ ದೋಷವಿಲ್ಲ ಎಂದರು. ದುರ್ಬೀನಕ್ಕ ಗುಮ್ಮಟಕ್ಕೆ ಮರಳಿದರು. ಆದರೆ ಆರೋಪ ಹೋದದ್ದು ಊರೆಲ್ಲ ಓದುವ ಅಕ್ಷರದಲ್ಲಿ. ಹಿಂದಕ್ಕೆ ಬಂದದ್ದು ಬಾಗಿಲು ಮುಚ್ಚಿದ ಕೋಣೆಯ ಬಾಯಿಮಾತಿನಲ್ಲಿ. ತಿದ್ದುಪಡಿ ಎಂಬ ಎರಡು ಸಾಲು ಯಾವ ಪತ್ರಿಕೆಗೂ ಹೋಗಲಿಲ್ಲ. ಅಧಿಕಾರಿಗೆ ಬಡ್ತಿಯಾಗಿದೆ.

ಗ್ರಹಣದ ಆ ಸಂಜೆ ಮನೆಯ ತಾರಸಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಪ್ಪನಿಗೆ ಮಾತ್ರ ಗ್ರಹಣ ಚೆನ್ನಾಗಿಯೇ ಕಂಡಿತ್ತು. ಗ್ರಹಣಗಳಿಗೂ ಒಂದು ವಂಶಾವಳಿಯಿದೆ. ಹದಿನೆಂಟು ವರ್ಷ ಚಿಲ್ಲರೆಗೊಮ್ಮೆ ಅದೇ ಬಗೆಯ ಗ್ರಹಣ ಮರಳುತ್ತದೆ. ಆದರೆ ಪ್ರತಿ ಸಲ ಎಂಟು ಗಂಟೆ ತಡ. ಅಷ್ಟರಲ್ಲಿ ಭೂಮಿ ತಿರುಗಿರುತ್ತದೆ, ನೋಡುವ ಭಾಗ್ಯ ಬೇರೆ ದೇಶಕ್ಕೆ. ಮೂರು ಸುತ್ತು ಮುಗಿದು, ಐವತ್ನಾಲ್ಕು ವರ್ಷದ ಮೇಲೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಊರಿನ ಮೇಲೆ ಬರುತ್ತದೆ. ಕಳೆದ ವರ್ಷದ ಗ್ರಹಣ ಹಿಂದಿನ ಸಲ ಇಲ್ಲಿಗೆ ಬಂದಾಗ ಅದನ್ನು ಜನರಿಗೆ ತೋರಿಸಿದವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಪ್ಪನೇ. "ಆವತ್ತು ಬಂದಿದ್ದೋರು ಹತ್ತು ಜನ ಇರ್ಬೇಕು. ಮೊದಲೇ ಹೇಳಿದ್ವಿ, ತಾಳ್ಮೆಯಿಂದ ನೋಡಿದ್ರು, ಅಂಚು ಕಂದಿದಾಗ ಆಹಾ ಅಂದ್ರು," ಎನ್ನುತ್ತಾರೆ.

ಮುಂದಿನ ಸಲ ಅದು ಇಲ್ಲಿಗೆ ಬರುವಾಗ ನೀವಿರುತ್ತೀರಾ ಎಂದು ಕೇಳಿದರೆ ದುರ್ಬೀನಕ್ಕ ಜೋರಾಗಿ ನಗುತ್ತಾರೆ.

"ನಾನೆಲ್ಲಿ ಇರ್ತೀನಿ! ಆಗ ಇಲ್ಲಿ ಯಾರಿರ್ತಾರೋ, ಅವ್ರು ಮೊದಲೇ ಹೇಳ್ಲಿ, ಸ್ವಲ್ಪ ಮಂಕಾಗುತ್ತೆ ಅಷ್ಟೇ ಅಂತ. ಅಷ್ಟು ಹೇಳೋಕೆ ಅವ್ರನ್ನ ಬಿಟ್ರೆ ಸಾಕು."