ಸಂತರು ಬಿಟ್ಟುಹೋದ ಸಂಸಾರ

ಹರಿಕಥೆಯಲ್ಲಿ ಒಂದು ಮಾತು ಬಂದಾಗಲೆಲ್ಲ ನಾನು ಕೂತಲ್ಲೇ ಚಡಪಡಿಸುತ್ತೇನೆ. ‘ಆ ಮಹಾತ್ಮರು ಸಂಸಾರವನ್ನು ತೃಣದಂತೆ ತೊರೆದು ಹೊರಟರು’ ಎನ್ನುತ್ತಾರೆ ದಾಸರು. ಸಭೆ ತಲೆದೂಗುತ್ತದೆ, ಕಥೆ ಮುಂದಿನ ಊರಿಗೆ ಹೋಗಿಬಿಡುತ್ತದೆ. ತೊರೆದ ಸಂಸಾರ ಏನಾಯಿತು, ಅವತ್ತು ಏನು ಉಂಡಿತು ಎಂದು ಯಾರೂ ಕೇಳುವುದಿಲ್ಲ. ನನಗೆ ಗೊತ್ತು. ಅದು ಎಲ್ಲಿಗೂ ಹೋಗುವುದಿಲ್ಲ. ನ್ಯಾಮತಿಯ ಪೇಟೆ ಬೀದಿಯಲ್ಲಿ, ಒಂದು ಹೊಲಿಗೆ ಯಂತ್ರದ ಪಕ್ಕ ಕೂತಿರುತ್ತದೆ. ಆ ತೃಣದಲ್ಲಿ ನಾನೂ ಒಂದು ಎಸಳು.

ಹೊನ್ನಾಳಿಯ ಸುತ್ತಮುತ್ತ ‘ತಾಳದಜ್ಜ’ ಎಂದು ಹೆಸರಾದವರು ನನ್ನ ಅಪ್ಪ. ಅಜ್ಜ ಆಗುವ ಮೊದಲು ಅವರು ದರ್ಜಿ. ಕೈಯಲ್ಲಿ ಕತ್ತರಿ, ಬಾಯಲ್ಲಿ ರಂಗ. ಆ ಗುಂಗಿನಲ್ಲಿ ಒಬ್ಬರ ಅಂಗಿಯ ತೋಳನ್ನು ಇನ್ನೊಬ್ಬರ ಅಂಗಿಗೆ ಹಚ್ಚಿದ್ದೂ ಉಂಟು. ಮೂವತ್ತರ ದಶಕದ ಮೊದಲಲ್ಲಿ, ಒಂದು ಆಷಾಢದಲ್ಲಿ, ಭಜನೆಯವರ ಗುಂಪಿನೊಂದಿಗೆ ಪಂಢರಪುರಕ್ಕೆ ನಡೆದರು. ಉಳಿದವರೆಲ್ಲ ತಿರುಗಿ ಬಂದರು, ಅಪ್ಪ ಬರಲಿಲ್ಲ. “ತುಳಸವ್ವಾ, ನಿನ್ನ ಗಂಡಗೆ ರಂಗ ಸಿಕ್ಕಬಿಟ್ಟ!” ಎಂದು ಬಂದವರು ಹಿಗ್ಗಿನಿಂದ ಹೇಳಿದರು. ಒಲೆಯ ಮುಂದಿದ್ದ ಅವ್ವ “ಹೌದೇನು?” ಎಂದಳು. ಹಂಚಿನ ಮೇಲಿನ ರೊಟ್ಟಿ ಅವತ್ತು ಕರಕಾಯಿತು.

ಎದುರಿಗೆ ದಾದಾಪೀರ್ ಸಾಹೇಬರ ಬಟ್ಟೆ ಅಂಗಡಿ. ಕೆಲವು ದಿನ ನೋಡಿ ಅವರು ಹೊಸ್ತಿಲ ಆಚೆಯೇ ನಿಂತು ಹೇಳಿದರು: “ತಂಗಿ, ಮಿಷನ್ನು ಸುಮ್ನೆ ನಿಂತ್ರೆ ತುಕ್ಕು ಹಿಡೀತೈತೆ. ನೀನು ಕಲಿ. ಗಿರಾಕಿ ನಾನು ಕಳಿಸ್ತೀನಿ.” ಅವ್ವ ಅಪ್ಪನ ಹಳೆಯ ಅಂಗಿಯೊಂದನ್ನು ಬಿಚ್ಚಿ, ಮತ್ತೆ ಕೂಡಿಸಿ, ಮತ್ತೆ ಬಿಚ್ಚಿ ಕಲಿತಳು. ಹೆಂಗಸು ಗಂಡಸರ ಅಂಗಿ ಹೊಲಿಯುತ್ತಾಳೆಂದು ನೆಂಟರು ಮೂಗು ಮುರಿದರು. ಆಮೇಲೆ ಅವರೇ ಬಟ್ಟೆ ತಂದರು, ಸಂಜೆ ಕತ್ತಲಾದ ಮೇಲೆ.

ಅತ್ತ ಅಪ್ಪ ಪಂಢರಪುರದಿಂದ ಹೊನ್ನಾಳಿಯ ಹೊಳೆದಂಡೆಗೆ ಬಂದು ನೆಲೆಸಿದ್ದರು, ಮನೆಯ ಕಡೆ ಮಾತ್ರ ಬಂದಿರಲಿಲ್ಲ. ಭಕ್ತರು ಭಜನೆಗೊಂದು ಮಂಟಪ ಕಟ್ಟಿಸಿದ್ದರು. ಅಲ್ಲಿ ಯಾವ ಕೇರಿಯವರು ಯಾರ ಪಕ್ಕ ಬೇಕಾದರೂ ಕೂರಬಹುದಿತ್ತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹಾಡುವಾಗ ಅವರ ದನಿ ಒಡೆದರೆ ಕೇಳುವವರೂ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಇದೆಲ್ಲ ಸುಳ್ಳಲ್ಲ. ನನ್ನಪ್ಪ ನಿಜವಾಗಿಯೂ ಸಂತರೇ. ತೊಂದರೆ ಇದ್ದದ್ದೇ ಅಲ್ಲಿ. ಅವರು ಕಳ್ಳ ಸಂತರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಯುದ್ಧದ ವರ್ಷಗಳು. ಬಟ್ಟೆಗೆ ಬರ, ಹೊಸದು ಸಿಗದೆ ಜನ ಹಳೆಯ ಕಾಲರನ್ನೇ ತಿರುವಿ ಹಚ್ಚಿಸಿಕೊಳ್ಳುತ್ತಿದ್ದರು. ಒಂದು ದ್ವಾದಶಿಯ ಬೆಳಿಗ್ಗೆ ತಾಳದ ಸದ್ದು ನಮ್ಮ ಬಾಗಿಲಿಗೇ ಬಂತು. ಹಿಂದೆ ಬೀದಿ ತುಂಬ ಭಕ್ತರು, ಮುಂದೆ ಬಿಳಿ ಗಡ್ಡದ ಅಪ್ಪ. ಅವ್ವ ಬಾಗಿಲು ಹಾಕಲಿ ಎಂದು ನಾನು ಮನಸ್ಸಿನಲ್ಲೇ ರಂಗನಿಗೆ ಹರಕೆ ಹೊತ್ತೆ.

“ಒಳಗೆ ಬರಬಹುದೇನು?” ಎಂದರು ಅಪ್ಪ.

“ಬರ್ರಿ. ಬಟ್ಟೆ ತುಳೀದಂಗೆ ಬರ್ರಿ,” ಎಂದಳು ಅವ್ವ.

ಅವರು ಗೋಡೆಗೊರಗಿ ಕೂತರು. ಮಿಷನ್ನಿನ ಕಡೆ ನೋಡುತ್ತ ಕೇಳಿದರು: “ನನ್ನ ಮ್ಯಾಲೆ ಸಿಟ್ಟೈತೇನು?”

“ಸಿಟ್ಟು ಮಾಡಾಕೆ ಪುರುಸೊತ್ತು ಎಲ್ಲಿತ್ತು ರೀ?”

ಸಾವಿರಾರು ಜನರನ್ನು ಅಳಿಸಿದ ಅಪ್ಪ ಆಗ ತಾವೇ ಅತ್ತರು. ಅವ್ವ ಅಳಲಿಲ್ಲ. ಕೊರಳಲ್ಲಿದ್ದ ಅಳತೆಪಟ್ಟಿ ತೆಗೆದು ಅವರ ಹೆಗಲು ಅಳೆದಳು. “ಸೊರಗೀರಿ. ಈ ಜುಬ್ಬ ನಿಮ್ದಲ್ಲ, ಯಾರೋ ಕೊಟ್ಟಿದ್ದು,” ಎಂದಳು. ಅಪ್ಪ ಸೂಜಿ ತೆಗೆದುಕೊಂಡು ರಾಶಿಯಿಂದ ಒಂದು ಅಂಗಿ ಎಳೆದು ಗುಂಡಿ ತೂರಿಸುವ ಕಾಜಾ ಹೊಲಿಯತೊಡಗಿದರು. ಹೊರಗೆ ಪಾದಪೂಜೆಗೆ ಕಾದವರು ಕಿಟಕಿಯಲ್ಲಿ ಇಣುಕಿ ಇಣುಕಿ ಸುಸ್ತಾದರು.

ಹೊರಡುವಾಗ ಭಕ್ತರು ಕೈಮುಗಿದು “ಅವ್ವಾರೇ, ನೀವೂ ಹೊನ್ನಾಳಿಗೆ ಬರ್ರಿ” ಎಂದು ಬೇಡಿಕೊಂಡರು. “ಹಬ್ಬದ ಬಟ್ಟೆ ಕೊಡೋದೈತೆ” ಎಂದಳು ಅವ್ವ. ಅಲ್ಲಿಂದ ಮುಂದೆ ಏಕಾದಶಿಯ ಮರುದಿನ ಅಪ್ಪ ತಪ್ಪದೆ ಬರುತ್ತಿದ್ದರು. ಕಾಜಾ ಹೊಲಿದು, ಉಂಡು ಹೋಗುತ್ತಿದ್ದರು. ನಾನು ಮಾತಾಡಿಸಲು ಬಹಳ ದಿನ ಹಿಡಿಯಿತು. ಕೊನೆಗೆ ಒಂದು ದಿನ ಅವರು ಹೊಲಿದ ಕಾಜಾ ಸೊಟ್ಟಗಾಗಿದೆ ಎಂದು ಜಗಳ ತೆಗೆದೆ. ಅಪ್ಪ ನಕ್ಕು ಬಿಚ್ಚಿ ಕೊಟ್ಟರು. ನಮ್ಮ ರಾಜಿ ಆದದ್ದು ಹಾಗೆ.

ಯುದ್ಧ ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡರು. ನಾನು ಮದುವೆಯಾಗಿ ಚನ್ನಗಿರಿ ಸೇರಿದ್ದೆ. ಮರುವರ್ಷ ಜಗಳೂರಿನ ಭಕ್ತರು ಆರಾಧನೆಗೆ ಕರೆದರು. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನ ಹೊಗೆಯಲ್ಲಿ ಕೆಮ್ಮುತ್ತ ಅವ್ವನೂ ನಾನೂ ಹೋದೆವು. ಅಲ್ಲಿ ದಾಸರು ಕಥೆ ಮಾಡಿದರು. ತಾಳದಜ್ಜ ಪಂಢರಪುರದಲ್ಲಿ ಮೈಮರೆತು ಕುಣಿಯುತ್ತಿದ್ದಾಗ, ಇಲ್ಲಿ ನ್ಯಾಮತಿಯಲ್ಲಿ ಸಾಕ್ಷಾತ್ ರಂಗನೇ ದರ್ಜಿಯ ವೇಷ ತೊಟ್ಟು ಬಂದನಂತೆ. ವರ್ಷಗಟ್ಟಲೆ ಅಂಗಿ ಹೊಲಿದು ಭಕ್ತನ ಹೆಂಡತಿ ಮಗಳನ್ನು ಸಾಕಿದನಂತೆ! ಸಭೆ ಜಯಕಾರ ಹಾಕಿತು. ನಾನು ಎದ್ದು ನಿಂತೆ. ಅವ್ವ ಸೆರಗು ಹಿಡಿದು ಕೂರಿಸಿದಳು.

ಕಥೆ ಮುಗಿದಾಗ ಹೆಂಗಸರು ಅವ್ವನನ್ನು ಮುತ್ತಿಕೊಂಡರು. ಕುರಿ ಕಾಯುವ ಮನೆಯ ಮುದುಕಿಯೊಬ್ಬಳು ಅವ್ವನ ಎರಡೂ ಕೈ ಹಿಡಿದು, ಕಣ್ಣು ತುಂಬಿಕೊಂಡು ಕೇಳಿದಳು: “ಯವ್ವಾ, ನೀನು ಕಣ್ಣಾರೆ ಕಂಡಾಕಿ. ಹೆಂಗಿದ್ದ ಆ ರಂಗ?”

ಅವ್ವ ನನ್ನ ಕಡೆ ನೋಡಿದಳು. ಎಷ್ಟೋ ವರ್ಷ ಸಂಜೆ ದೀಪ ಹಚ್ಚಿದ ಮೇಲೆ ಅವಳ ಬೆನ್ನಿಗೆ ಎಣ್ಣೆ ತಿಕ್ಕಿದವಳು ನಾನು.

“ಬೆನ್ನು ನೋವು ಅಂತಿದ್ದ ಕಣವ್ವಾ, ಪಾಪ,” ಎಂದಳು ಅವ್ವ.

ಮುದುಕಿ ಅದನ್ನು ಪಕ್ಕದವಳಿಗೆ ಹೇಳಿದಳು, ಅವಳು ಅವಳ ಪಕ್ಕದವಳಿಗೆ. ಈಗ ಆ ಊರಲ್ಲಿ ಏಕಾದಶಿ ಬಂದರೆ ಹೆಂಗಸರು ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಂದು ರಂಗನ ಮೂರ್ತಿಯ ಬೆನ್ನಿಗೆ ತಿಕ್ಕುತ್ತಾರೆ. ಯಾವ ಶಾಸ್ತ್ರದಲ್ಲಿದೆ ಎಂದು ಪೂಜಾರಿ ಗೊಣಗುತ್ತಾನಂತೆ. ಹೋದಾಗಲೆಲ್ಲ ನಾನೂ ಸಾಲಿನಲ್ಲಿ ನಿಂತು, ಒಂದು ಕೈ ಜಾಸ್ತಿಯೇ ತಿಕ್ಕಿ ಬರುತ್ತೇನೆ.