ಪುಟ ತಿರುವಿದವಳ ಸಿಂಗಪುರ ಯಾತ್ರೆ

ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆಯ ಹಾರಾಟ. 2014ರ ಜೂನ್ ತಿಂಗಳ ಒಂದು ಬೆಳಿಗ್ಗೆ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಕ್ಕನ ಮಗಳು ರಂಜಿತಾ ಕೈಬೀಸುತ್ತ ನಿಂತಿದ್ದಳು. ಕ್ಲೆಮೆಂಟಿಯಲ್ಲಿ ಅವಳ ಮನೆ ಹನ್ನೆರಡನೆಯ ಮಹಡಿಯಲ್ಲಿ. ನೆಂಟರಿಗೆಲ್ಲ ಊರು ನೋಡಲು ಹೋಗುತ್ತೇನೆ ಎಂದು ಹೇಳಿ ಹೊರಟಿದ್ದೆ. ನಿಜವಾಗಿ ಹೋದದ್ದು ಕ್ಷಮೆ ಕೇಳಲು, ಅದೂ ತೀರಿಕೊಂಡವರೊಬ್ಬರ ಬಳಿ.

ನಲವತ್ತು ವರ್ಷಗಳ ಹಿಂದೆ, ನನಗೆ ಹತ್ತೊಂಬತ್ತಾಗಿದ್ದಾಗ, ಪೆಲ್ ಎಂಬ ಅಮೆರಿಕದ ಪಿಯಾನೊ ವಾದಕರು ನಮ್ಮ ಸಂಗೀತ ಕೇಳಲೆಂದೇ ಒಂದು ವರ್ಷ ಬಸವನಗುಡಿಯಲ್ಲಿ ಮನೆ ಮಾಡಿದ್ದರು. ಊರು ಬಿಡುವ ಮುನ್ನ ತಮ್ಮ ಹೊಸ ರಚನೆಯೊಂದನ್ನು ನುಡಿಸಿದರು. ಪಿಯಾನೊ ನುಡಿಸುವವರ ಎರಡು ಕೈಗೂ ಬಿಡುವಿರುವುದಿಲ್ಲ. ಪುಟ ತಿರುವಲು ಎಡಗಡೆ ಒಬ್ಬರು ಕೂರಬೇಕು. ಕಾನ್ವೆಂಟಿನಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತಿದ್ದ ನನಗೆ ಆ ಕೆಲಸ ಬಂತು. ಆದರೆ ಮನೆಯಲ್ಲಿ ಕಲಿತದ್ದು ಕರ್ನಾಟಕ ಸಂಗೀತ. ತಾಳದ ಸುತ್ತು ಮುಗಿಯುವ ಮುನ್ನ ಕೈ ಬಿಡಬಾರದು ಎಂದು ಗುರುಗಳು ಗದರಿ ಗದರಿ ಕಲಿಸಿದ್ದರು. ಸಾಹೇಬರು ಪುಟದ ಕೊನೆಗೆ ಬಂದು, ತಿರುವು ಎಂದು ತಲೆಯಾಡಿಸಿದರು. ನಾನು ತೊಡೆಯ ಮೇಲೆ ತಾಳ ಹಾಕುತ್ತ, ಸುತ್ತು ಮುಗಿಯಲಿ ಎಂದು ಕಾದೆ. ಅವರು ಅದೇ ಸಾಲನ್ನು ಮತ್ತೆ ನುಡಿಸಿ ನನ್ನತ್ತ ನೋಡಿದರು. ಮೂರನೆಯ ಸಲವೂ ನುಡಿಸಿದ ಮೇಲಷ್ಟೇ ನಾನು ಎಚ್ಚೆತ್ತು ಪುಟ ತಿರುವಿದ್ದು. ಒಂದು ಸಾಲನ್ನು ಮೂರು ಸಲ ಹೇಳಿ ಮುಕ್ತಾಯ ಮಾಡುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ಮುಂದೆ ಕುಳಿತಿದ್ದ ಹಿರಿಯರು ‘ಭಲೇ’ ಎಂದರು. ನನಗೋ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಚೇರಿ ಮುಗಿಯುತ್ತಲೇ ಹಿಂಬಾಗಿಲಿನಿಂದ ಓಡಿದೆ. ಮರುದಿನ ಅವರು ಮನೆಗೇ ಬಂದರು. ಬೈಯಲು ಬಂದಿದ್ದಾರೆ ಎಂದು ಹೆದರಿ ನಾನು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಆ ವಾರವೇ ಅವರು ಊರು ಬಿಟ್ಟರು.

ಪೆಲ್ ಸಾಹೇಬರ ಕೊನೆಯ ವರ್ಷಗಳು ಕಳೆದದ್ದು ಸಿಂಗಪುರದಲ್ಲಿ, ಅವರ ಶಿಷ್ಯೆ ಮಿಸ್ ಟ್ಯಾನ್ ಅಲ್ಲಿಯ ಟೋವಾ ಪಾಯೋ ಬಡಾವಣೆಯಲ್ಲಿ ಪಾಠ ಹೇಳುತ್ತಾರೆ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ತಿಳಿಸಿದವಳು ರಂಜಿತಾ. ಎರಡನೆಯ ದಿನ ಮಳೆ ನಿಂತ ಮೇಲೆ ಎಂಆರ್‌ಟಿ ಹತ್ತಿದೆವು. ಸಿಟಿ ಹಾಲ್‌ನಲ್ಲಿ ರೈಲು ಬದಲಿಸಿ ಸುಮಾರು ಮುಕ್ಕಾಲು ಗಂಟೆ, ಟಿಕೆಟು ಎರಡು ಡಾಲರಿನ ಒಳಗೆ. ಮಳೆ ಬಂದರೂ ಸೆಕೆ ಇಳಿದಿರಲಿಲ್ಲ. ಬೆವರೊರೆಸಿ ನನ್ನ ಸೆರಗೇ ಒದ್ದೆಯಾಯಿತು. ಸಾಲುಸಾಲು ತಿಂಡಿ ಅಂಗಡಿಗಳಿದ್ದ ಹಾಕರ್ ಸೆಂಟರಿನಲ್ಲಿ ಕುಡಿದ ಕಾಫಿಗೆ ಎಷ್ಟು ಸಿಹಿ ಹಾಕಿದ್ದರೆಂದರೆ, ಎರಡು ಗೋಡಂಬಿ ಉದುರಿಸಿದ್ದರೆ ಪಾಯಸವೆಂದೇ ಬಡಿಸಬಹುದಿತ್ತು. ಅಷ್ಟರಲ್ಲಿ ನನ್ನ ಧೈರ್ಯ ಉಡುಗಿತು. ವಾಪಸ್ ಹೋಗೋಣ ಎಂದೆ.

“ಚಿಕ್ಕಮ್ಮ, ಅಪಾಯಿಂಟ್‌ಮೆಂಟ್ ತಗೊಂಡಾಗಿದೆ, ಅವರು ವೇಟ್ ಮಾಡ್ತಿರ್ತಾರೆ. ಬೈದ್ರೆ ಬೈಲಿ ಬಿಡಿ, ನಾನಿರ್ತೀನಲ್ಲ,” ಎಂದು ರಂಜಿತಾ ನನ್ನ ಕೈ ಹಿಡಿದೆಬ್ಬಿಸಿದಳು.

ಮಿಸ್ ಟ್ಯಾನ್ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಮನೆಯ ಮುಂದಿನ ಕೋಣೆಯ ಅರ್ಧದಲ್ಲಿ ಪಿಯಾನೊ, ಉಳಿದರ್ಧದಲ್ಲಿ ಸಂಸಾರ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಹೇಗೋ ಹೊಂದಿಕೊಂಡವು. ಪೆಲ್ ಕ್ಷೌರಿಕನ ಮಗನಂತೆ. ಹನ್ನೆರಡನೆಯ ವಯಸ್ಸಿಗೇ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸಿ ಮನೆ ನಡೆಸಿದರಂತೆ. ಮುಂದೆ ಸಿನಿಮಾಗಳಿಗೆ ಸಂಗೀತ ಬರೆದು ಹೆಸರು ಮಾಡಿ, ಅದೂ ಸಾಕಾಗಿ ದೇಶ ತಿರುಗಿದರು. ಇಲ್ಲಿ ಬೆಳಿಗ್ಗೆ ಪಾಠ, ಸಂಜೆ ಹೋಟೆಲಿನಲ್ಲಿ ವಾದನ. ಮಿಸ್ ಟ್ಯಾನ್ ತೋರಿಸಿದ ಒಂದು ಫೋಟೋದಲ್ಲಿ ಸಾಹೇಬರು ಬಸವನಗುಡಿ ಮನೆಯ ಜಗಲಿಯ ಮೇಲೆ ಪಂಚೆಯುಟ್ಟು ಕುಳಿತಿದ್ದರು. ಆ ಜಗಲಿಯ ಕೆಂಪು ನೆಲದ ತಂಪು ನನ್ನ ಕಾಲಿಗೆ ತಾಗಿದಂತಾಯಿತು.

ಆಮೇಲೆ ಮಿಸ್ ಟ್ಯಾನ್ ಅದೇ ರಚನೆಯನ್ನು ನೆನಪಿನಿಂದಲೇ ನುಡಿಸಿದರು. ಆ ಸಾಲು ಬಂದಾಗ ಮೂರು ಸಲ ನುಡಿಸಿದರು. ಪ್ರತಿ ಸಲವೂ ಎಡಗಡೆಯ ಬರೀ ಗೋಡೆಯತ್ತ ತಿರುಗಿ ನಕ್ಕರು. ಯಾಕೆ ಹಾಗೆ ಎಂದು ಕೇಳಿದೆ.

“ಸರ್ ಕಲಿಸಿದ್ದೇ ಹಾಗೆ. ಬೆಂಗಳೂರಲ್ಲಿ ಎಡಗಡೆ ಕೂತಿದ್ದ ಹುಡುಗಿಯಿಂದ ಈ ಮೂರು ಸಲದ ಸಾಲು ತಮಗೆ ಸಿಕ್ಕಿತು, ಥ್ಯಾಂಕ್ಸ್ ಹೇಳೋಣ ಅಂತ ಮನೆಗೆ ಹೋದರೆ ಅವಳು ಹೊರಗೇ ಬರಲಿಲ್ಲ ಅನ್ನೋರು.”

ನಾಚಿಕೆಗಿಂತ ದುಃಖವೇ ಹೆಚ್ಚಾಯಿತು. ನಾಲ್ಕು ಹೆಜ್ಜೆ ಇಟ್ಟು ಆಚೆ ಬಂದಿದ್ದರೆ ಮುಗಿದಿತ್ತು. ಆ ಹುಡುಗಿ ನಾನೇ ಎಂದು ಹೇಳುವಷ್ಟರಲ್ಲಿ ಅಳು ಬಂತು. ರಂಜಿತಾ ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಮಿಸ್ ಟ್ಯಾನ್ ಎದ್ದು ಊಟದ ಮೇಜಿನ ಒಂದು ಕುರ್ಚಿ ತಂದು ಪಿಯಾನೊದ ಎಡಗಡೆ ಇಟ್ಟರು. ಬೀರುವಿನಿಂದ ಸಾಹೇಬರ ಕೈಬರಹದ ಹಾಳೆಗಳನ್ನು ತೆಗೆದು ಎದುರಿಗೆ ಜೋಡಿಸಿ ಮೊದಲಿನಿಂದ ಶುರುಮಾಡಿದರು. ನಾನು ಹೋಗಿ ಕೂತೆ. ಆ ಸಾಲು ಬಂತು. ಇಷ್ಟು ವರ್ಷ ಗೋಡೆ ನೋಡಿ ನಗುತ್ತಿದ್ದವರು ನನ್ನನ್ನು ನೋಡಿ ನಕ್ಕರು. ಮೂರನೆಯ ಸಲ ಮುಗಿಯುವವರೆಗೆ ಕಾದು ಪುಟ ತಿರುವಿದೆ.