ಸರ್ವ್ ಹೊಡೆದು ಹೋಗುವ ಚಿಗುಸ

ಜಪಾನಿನ ಕಡಲ ದಂಡೆಯ ಊರು ಹಿಮಿಯ ಮೀನುಬಲೆ ಕಾರ್ಖಾನೆಯ ವಾಲಿಬಾಲ್ ತಂಡದಲ್ಲಿ ಚಿಗುಸಳ ಕೆಲಸ ಏನು ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು: ಬರ್ತಾಳೆ, ಸರ್ವ್ ಹೊಡೀತಾಳೆ, ಹೋಗ್ತಾಳೆ. ಸೆಟ್ಟಿನ ಕೊನೆಗೆ ಎರಡೂ ಕಡೆ ಸಮಸಮ ಬಂದು ನಿಂತಾಗ ಕೋಚ್ ಕುರಮೋಚಿ ಇವಳ ಕಡೆ ಒಮ್ಮೆ ಗದ್ದ ಎತ್ತಿದರೆ ಸಾಕು, ಎತ್ತರದವಳೊಬ್ಬಳು ಹೊರಗೆ, ಇವಳು ಒಳಗೆ. ಅದೆಂಥ ಸರ್ವ್ ಅಂತೀರಿ! ಅರ್ಧ ದಾರಿಯಲ್ಲಿ ಚೆಂಡಿಗೆ ತಾನು ಎಲ್ಲಿಗೆ ಹೊರಟಿದ್ದೆ ಅನ್ನೋದೇ ಮರೆತುಹೋಗುತ್ತಿತ್ತು. ಎದುರಿನವರು ಕೈ ಚಾಚುವಷ್ಟರಲ್ಲಿ ಪಕ್ಕಕ್ಕೆ ಜಾರಿ ಬಿದ್ದಿರುತ್ತಿತ್ತು. ಆದರೆ ಸರ್ವ್ ಎದುರಿನವರ ಪಾಲಾಯಿತೋ, ಎತ್ತರದವಳು ಮತ್ತೆ ಒಳಗೆ, ಕುಳ್ಳಿ ಚಿಗುಸ ಮತ್ತೆ ಮೂಲೆಗೆ. ಹನ್ನೊಂದು ವರ್ಷ ಇದೇ ಬಾಳು.

ಬೆಳಗಿನ ಹೊತ್ತು ತಂಡದವರೆಲ್ಲ ಕಾರ್ಖಾನೆಯ ಕೆಲಸ ಮಾಡಬೇಕು, ಆಟ ಏನಿದ್ದರೂ ಮಧ್ಯಾಹ್ನದ ಮೇಲೆ. ಚಿಗುಸ ಹರಿದ ಬಲೆ ಸರಿಮಾಡುವ ಹೆಂಗಸರ ಜೊತೆ ಕೂರುತ್ತಿದ್ದಳು. ಕೈ ತನ್ನ ಪಾಡಿಗೆ ಗಂಟು ಹಾಕುತ್ತಿತ್ತು, ಅವಳು ಮಾತ್ರ ಅಲ್ಲಿರುತ್ತಿರಲಿಲ್ಲ. ಹಿಮ ಸುರಿಯುವ ಕೊಲ್ಲಿಯ ಮೇಲೆ ಗುಡುಗು ಕೇಳಿದರೆ ಬುರಿ ಮೀನು ಬಂತು ಅಂತ ಎಲ್ಲರೂ ಕಿಟಕಿಗೆ ಓಡುತ್ತಿದ್ದರು, ಇವಳು ಕೂತಲ್ಲೇ ಕೂತಿರುತ್ತಿದ್ದಳು. ಅವಳ ಕಣ್ಣ ಮುಂದೆ ಚೆಂಡಿರುತ್ತಿತ್ತು. ಲಿಫ್ಟರ್ ಹುಡುಗಿ ಇಬುಕಿ ಬೆರಳ ತುದಿಯಲ್ಲಿ ಎತ್ತಿಬಿಟ್ಟ ಚೆಂಡು. ಯಾವ ಅವಸರವೂ ಇಲ್ಲದೆ ನೆಟ್ಟಿನ ಮೇಲೆ ತೇಲಿ ತೇಲಿ ತನ್ನ ಕಡೆಗೇ ಬರುತ್ತಿರುವುದು. ತಾನು ಜಿಗಿಯುವುದು, ಕೈ ಬೀಸುವುದು. ಅಲ್ಲಿಗೆ ಯಾವಾಗಲೂ ಯಾರಾದರೂ ಎಬ್ಬಿಸಿಬಿಡುತ್ತಿದ್ದರು.

"ಏಯ್ ಚಿಗುಸ! ಎಲ್ಲಿದೀಯೇ? ಬಲೆ ಜೊತೆ ನನ್ನ ಅಂಗಿ ತೋಳನ್ನೂ ಸೇರಿಸಿ ಗಂಟು ಹಾಕಿಬಿಟ್ಟೆಯಲ್ಲೇ!" ಅಂತ ಪಕ್ಕದಲ್ಲಿ ಕೂರುವ ಮುದುಕಿ ತೊಮೆ ಕೂಗಿಕೊಂಡಳು.

"ಅಯ್ಯೋ, ತಪ್ಪಾಯ್ತು ತೊಮೆ ಅಜ್ಜಿ."

"ಯಾರವನು? ಹೆಸರಾದ್ರೂ ಹೇಳು."

"ಅವನೂ ಇಲ್ಲ ಇವನೂ ಇಲ್ಲ ಅಜ್ಜಿ. ಚೆಂಡು."

"ಹಾಳಾಗ್ಹೋಗು! ಈ ವಯಸ್ಸಿಗೆ ನನಗೆ ಮೂರು ಮಕ್ಕಳು. ಇವಳು ನೋಡಿದ್ರೆ ಚೆಂಡಿನ ಕನಸು ಕಾಣ್ತಾಳಂತೆ."

ಚಿಗುಸ ನಕ್ಕಳು. ಆಮೇಲೆ ತೋಳಿನ ಗಂಟು ಬಿಚ್ಚುತ್ತಾ ಮೆಲ್ಲಗೆ ಹೇಳಿದಳು: "ಪಂದ್ಯದಲ್ಲಿ ನನಗೆ ಇದುವರೆಗೂ ಯಾರೂ ಚೆಂಡು ಎತ್ತಿ ಕೊಟ್ಟಿಲ್ಲ ಅಜ್ಜಿ. ಒಂದೇ ಒಂದು ಸಲ ಕೊಟ್ರೆ ಸಾಕು, ನೆಮ್ಮದಿಯಾಗಿ ಬಿಟ್ಟುಬಿಡ್ತೀನಿ."

"ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ? ಕೇಳು ಆ ಕೋಚಮ್ಮನ್ನ."

"ಕೇಳೋದಾ? ನನ್ನೊಬ್ಬಳ ಆಸೆಗೆ ತಂಡ ಸೋಲಬೇಕಾ?"

ಕೇಳಲಿಲ್ಲ. ಕೇಳುವುದು ಅವಳ ಜಾಯಮಾನವೇ ಅಲ್ಲ. ಭುಜ ಮೊದಲಿನಂತೆ ಏಳುತ್ತಿಲ್ಲ, ಈ ಚಳಿಗಾಲಕ್ಕೆ ಮುಗಿಸುತ್ತೇನೆ ಅಂತ ಮಾತ್ರ ಕುರಮೋಚಿಗೆ ಹೇಳಿದಳು. ಅವರು "ಹೂಂ" ಅಂದರು. ಆ ಹೆಂಗಸಿನದು ಹೇಳಿಕೇಳಿ ಲೆಕ್ಕದ ತಲೆ, ಮಾತು ಕಡಿಮೆ.

ಊರಿನ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ. ತೊಮೆ ಅಜ್ಜಿ ಮುಂದಿನ ಸಾಲಿನಲ್ಲೇ ಜಾಗ ಹಿಡಿದು ಡೋಲು ಬಡಿಯುತ್ತಿದ್ದಳು. ಕೊನೆಯ ಸೆಟ್ಟೂ ಕೊನೆಗೆ ಬಂತು, ಕುರಮೋಚಿ ಗದ್ದ ಎತ್ತಿದರು. ಚಿಗುಸ ಗೆರೆಯ ಹೊರಗೆ ತಲೆಬಾಗಿ ಒಳಗೆ ಹೋದಳು. ಸರ್ವ್ ಹೊಡೆದಳು. ಎದುರಿನವರು ಹೇಗೋ ಎತ್ತಿಕೊಂಡರು, ಪಾಯಿಂಟೂ ಅವರಿಗೇ ಹೋಯಿತು. ಸರಿ, ಮುಗಿಯಿತಲ್ಲ ಅಂದುಕೊಂಡು ಅವಳು ಗೆರೆಯ ಕಡೆ ಹೆಜ್ಜೆ ಹಾಕಿದಳು.

ರೆಫರಿ ತಲೆ ಅಲ್ಲಾಡಿಸಿದರು. ಒಂದು ಸೆಟ್ಟಿಗೆ ಆರು ಸಲ ಮಾತ್ರ ಆಟಗಾರರನ್ನು ಬದಲಾಯಿಸಬಹುದು, ಚಿಗುಸ ಒಳಗೆ ಬಂದದ್ದೇ ಆರನೆಯದು. ಕುರಮೋಚಿ ಅದನ್ನು ಐದನೆಯದು ಅಂದುಕೊಂಡಿದ್ದರು! ಅವರ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಒಳಗೆ ಬರಲು ನಿಂತಿದ್ದ ಎತ್ತರದ ಹುಡುಗಿ ಪೆಚ್ಚಾಗಿ ಬೆಂಚಿಗೆ ಮರಳಿದಳು.

"ಅಕ್ಕಾ, ಸುಮ್ನೆ ನಿಂತಿರಿ, ನಾವು ನೋಡ್ಕೋತೀವಿ," ಅಂದಳು ಇಬುಕಿ.

ಚಿಗುಸಳಿಗೆ ಕೇಳಿಸಿತೋ ಇಲ್ಲವೋ. ಡೋಲು, ಕೂಗಾಟ ಎಲ್ಲ ಎಲ್ಲೋ ದೂರದಲ್ಲಿ ಹಿಮದಡಿ ಹೂತುಹೋದ ಹಾಗಿತ್ತು. ತಂಡಕ್ಕೆ ಸರ್ವ್ ಮರಳಿ ಬಂದಾಗಲೆಲ್ಲ ಎಲ್ಲರೂ ಒಂದೊಂದು ಜಾಗ ಸರಿಯಬೇಕಲ್ಲ, ಹಾಗೇ ಅವಳೂ ಸರಿದಳು, ಮತ್ತೆ ಸರಿದಳು. ಮರದ ನೆಲ ಅಂಗಾಲಿನ ಕೆಳಗೆ ಬೆಚ್ಚಗಿತ್ತು. ನೋಡನೋಡುತ್ತಲೇ ನೆಟ್ಟು ಎದುರಿಗೆ ಬಂದು ನಿಂತಿತ್ತು. ಇಷ್ಟು ಹತ್ತಿರದಿಂದ ಪಂದ್ಯದಲ್ಲಿ ಅದನ್ನು ನೋಡಿದ್ದೇ ಇಲ್ಲ! ಅದರ ಒಂದೊಂದು ಕಣ್ಣಲ್ಲೂ ಬೆಳಕು ತುಂಬಿತ್ತು. ಆಚೆಗಿದ್ದ ಉದ್ದನೆಯ ಹುಡುಗಿಯರು ಇವಳನ್ನು ನೋಡಿ ತಮ್ಮತಮ್ಮಲ್ಲೇ ನಕ್ಕರು. ನಗಲಿ ಬಿಡಿ, ಅವಳಿಗೇನು.

ಇನ್ನೊಂದು ಪಾಯಿಂಟ್ ಹೋದರೆ ಪಂದ್ಯವೇ ಹೋದಂತೆ. "ಇಬುಕಿ, ಚಿಗುಸಳ ಕಡೆ ಮಾತ್ರ ಕೊಡಬೇಡ!" ಅಂತ ಕುರಮೋಚಿ ಬೆಂಚಿನಿಂದ ಕಿರುಚಿದರು. ಆದರೆ ಎದುರಿನವರ ಸರ್ವ್ ಯಾರದೋ ತೋಳಿಗೆ ತಗುಲಿ ಅಡ್ಡಾದಿಡ್ಡಿ ಹಾರಿತು. ಇಬುಕಿ ಬಿದ್ದೆನೋ ಎದ್ದೆನೋ ಅಂತ ಓಡಿ ಅದನ್ನು ಮುಟ್ಟಿದಳು. ಅಲ್ಲಿಂದ ಬೇರೆ ಯಾರಿಗೂ ಚೆಂಡು ಮುಟ್ಟಿಸಲು ಆಗುವಂತಿರಲಿಲ್ಲ.

"ಚಿಗುಸಕ್ಕಾ!"

ಚೆಂಡು ಮೇಲೆದ್ದಿತು. ಬಂತು. ತೇಲಿಕೊಂಡು ಅವಳ ಕಡೆಗೇ ಬಂತು. ಅವಳು ಜಿಗಿದಳು. ಯಾರೂ ಎಬ್ಬಿಸಲಿಲ್ಲ. ಭುಜದ ನೋವು ಎಲ್ಲಿ ಹೋಗಿತ್ತೋ, ಕೈಲಾದಷ್ಟು ಜೋರಾಗಿ ಹೊಡೆದೇಬಿಟ್ಟಳು.

ನಾಲ್ಕು ಕೈಗಳು ಗೋಡೆಯಂತೆ ಎದ್ದಿದ್ದವು. ಚೆಂಡು ಅವಕ್ಕೆ ಬಡಿದು ಧಡ್ಡನೆ ಇವಳ ಕಾಲ ಬುಡಕ್ಕೇ ಬಿತ್ತು. ಪಂದ್ಯ ಮುಗಿಯಿತು.

ಅಂಗೈ ಚುರುಗುಟ್ಟುತ್ತಿತ್ತು. ಚಿಗುಸ ಅದನ್ನೇ ನೋಡುತ್ತ ನಿಂತಳು. ಸಂತೋಷ ಆಗಿತ್ತು, ಸುಳ್ಳಲ್ಲ, ಎದೆ ಬಿರಿಯುವಷ್ಟು ಆಗಿತ್ತು. ಒಂದು ಸಲ ಸಿಕ್ಕರೆ ಸಾಕು ಅಂತ ತಾನೇ ಇಷ್ಟು ದಿನ ಅಂದುಕೊಂಡದ್ದು? ಸಾಕಾಗಲಿಲ್ಲ. ಹೊಟ್ಟೆಗೆ ಮೊದಲ ತುತ್ತು ಬಿದ್ದಮೇಲೆ ಹಸಿವು ಕೆರಳುತ್ತದಲ್ಲ, ಹಾಗೆ ಕೆರಳಿತು. ಇನ್ನೊಂದು ಕೊಟ್ಟಿದ್ದರೆ ಆ ಕೈಗಳ ಪಕ್ಕದಿಂದ ಹೊಡೆಯುತ್ತಿದ್ದಳು. ಹೇಗೆ ಅನ್ನುವುದು ಈಗ ಗೊತ್ತಾಗಿತ್ತು. ಇವತ್ತು ಗೊತ್ತಾಗಿತ್ತು!

ಹೂಗುಚ್ಛ ಕೊಟ್ಟರು, ಮೈಕು ಕೊಟ್ಟರು. ಎಲ್ಲರಿಗೂ ಕೃತಜ್ಞತೆ ಹೇಳಿದಳು. ತೊಮೆ ಅಜ್ಜಿ ಮೂಗು ಒರೆಸಿಕೊಂಡಳು.

ಜನ ಚದುರಿದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಹೊರಗೆ ಕುರಮೋಚಿ ಒಬ್ಬರೇ ಕಾಯುತ್ತಿದ್ದರು. ಇವಳನ್ನು ಕಂಡದ್ದೇ ಸೊಂಟದಿಂದ ಬಾಗಿದರು. ನರೆತ ತಲೆ ಇವಳ ಎದೆಯ ಮಟ್ಟಕ್ಕೆ ಬಂತು.

"ಲೆಕ್ಕ ತಪ್ಪಿದೆ ಚಿಗುಸ. ಕೊನೇ ಪಂದ್ಯದಲ್ಲಿ ಊರವರ ಎದುರಿಗೆ ನಿನ್ನ ಮರ್ಯಾದೆ ಕಳೆದುಬಿಟ್ಟೆ. ಎಲ್ಲಾ ನನ್ನ ತಪ್ಪು. ಕ್ಷಮಿಸಿಬಿಡಮ್ಮ."

ಪರವಾಗಿಲ್ಲ ಮೇಡಂ, ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹನ್ನೊಂದು ವರ್ಷ ಅದನ್ನೇ ಹೇಳಿಕೊಂಡು ಬಂದವಳು. ಕಣ್ಣು ತುಂಬಿತು, ಬಾಯಿಂದ ಬೇರೆಯದೇ ಮಾತು ಹೊರಟಿತು.

"ಈ ತಪ್ಪನ್ನ ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ ಮೇಡಂ ನೀವು?"

ಕುರಮೋಚಿ ಬಾಗಿದ ತಲೆಯನ್ನು ಎತ್ತಲೇ ಇಲ್ಲ.